ಸೊನ್ನೆ ಕಿಲೋಮೀಟರ್

ನದಿಮೂಲ ಕೇಳಬಾರದು ಅಂತ ನಮ್ಮಲ್ಲೊಂದು ಮಾತು.
ರೆಜೆಪ್‌ಗೆ ಹೇಳಿದೆ. ನಕ್ಕ.
‘ನಾವು ಕೇಳುವುದೇ ಇಲ್ಲ.
ಡ್ಯಾನ್ಯೂಬನ್ನು ಅಳೆಯುವುದು ಬಾಯಿಂದ.’

ಉಮ್ ಅಲ್ ಕ್ವೈನ್, ರಾತ್ರಿಪಾಳಿ.
ನಮ್ಮ ಹೂಳೆತ್ತುವ ಹಡಗು
ಕಡಲ ತಳದ ಮರಳನ್ನು ಹೀರಿ ಹೀರಿ
ದೀಪದ ಬೆಳಕಿಗೆ ಕಮಾನಾಗಿ ಉಗುಳುತ್ತದೆ.
ಯಾರಿಗೋ ಒಂದು ದ್ವೀಪ ಬೇಕಂತೆ.
ನಾಲ್ಕು ತಿಂಗಳಾಯಿತು. ಎದ್ದಿರುವುದು
ಒಂದು ಕೊಕ್ಕರೆ ನಿಲ್ಲುವಷ್ಟು,
ಅದೂ ಒಂಟಿಗಾಲಲ್ಲಿ.

ಈ ನಾಡಿಗೆ ನದಿಯಿಲ್ಲ.
ಮಳೆ ಬಂದ ದಿನ ವಾದಿಯಲ್ಲಿ ನೀರು,
ಮಿಕ್ಕ ವರ್ಷವೆಲ್ಲ ಕಲ್ಲು.
ನಾವು ಕುಡಿಯುವುದು ಉಪ್ಪು ಕಳಚಿದ ಕಡಲನ್ನೇ.
ನನಗೂ ನದಿ ಗೊತ್ತಿರುವುದು ಅಷ್ಟಕ್ಕಷ್ಟೆ:
ಗಂಗೊಳ್ಳಿಯ ಖಾರ್ವಿ ನಾನು, ಅಳಿವೆ ಬಾಗಿಲಿನವ.
ಐದು ಹೊಳೆ ಬಂದು ಸೇರುತ್ತವೆ ನಮ್ಮಲ್ಲಿ,
ಒಂದರ ಬೆನ್ನು ಹತ್ತಿಯೂ ಮೇಲೆ ಹೋದವನಲ್ಲ.

ಊಟದ ಬಿಡುವಲ್ಲಿ ರೆಜೆಪ್
ಡೆಕ್ಕಿನ ಕಬ್ಬಿಣದ ಮೇಲೆ ಸುಲೈಮಾನಿ ಚಾ ಚೆಲ್ಲಿ
ಬೆರಳಲ್ಲಿ ನದಿ ಎಳೆಯುತ್ತಾನೆ.

‘ಇದು ಸೊನ್ನೆ. ಸುಲಿನಾ.
ಕಪ್ಪು ಸಮುದ್ರದ ಹೊಸಿಲು, ಆಪು ಹುಲ್ಲು, ಕೆಸರು.
ಒಂದು ಕಾಲಕ್ಕೆ ಏಳು ರಾಜ್ಯದ ಸಾಹೇಬರು
ಸಮಿತಿ ಮಾಡಿಕೊಂಡು ಇಲ್ಲಿ ಹೂಳೆತ್ತಿಸಿದರು.
ನಮ್ಮ ಕಸುಬಿನ ಮುತ್ತಜ್ಜಂದಿರು, ನಮಸ್ಕಾರ ಹಾಕು.’

ಹಾಕಿದೆ. ಬೆರಳು ಮೇಲಕ್ಕೇರಿತು.

‘ಎಂಟುನೂರ ಅರವತ್ತರ ಆಸುಪಾಸು, ಪ್ರಾಹೊವೊ.
ಓಡಿಹೋಗುವ ಜರ್ಮನರು ತಮ್ಮ ಹಡಗನ್ನು
ತಾವೇ ಮುಳುಗಿಸಿದ ಜಾಗ.
ನೀರಿಳಿದ ಬೇಸಿಗೆಯಲ್ಲಿ ತುಕ್ಕು ಹಿಡಿದು ಮೇಲೇಳುತ್ತವೆ
ಹೊಟ್ಟೆಯೊಳಗೆ ಇನ್ನೂ ಸಿಡಿಗುಂಡು.
ಇನ್ನಷ್ಟು ಮೇಲೆ, ರೋಮಿನವರ ಸೇತುವೆ.
ಕಂಬ ಮಾತ್ರ ಉಳಿದಿದೆ, ದಡಕ್ಕೊಂದು.
ಕಟ್ಟಿಸಿದವನು ಚಕ್ರವರ್ತಿ,
ಕಟ್ಟಿದವನು ಡಮಾಸ್ಕಸ್‌ನವ.
ಯಾವಾಗಲೂ ಹಾಗೇ ತಾನೆ?’
ಅಂತ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ.

ಆಮೇಲೆ ಬಂತು ಉಕ್ಕಿನ ಬಾಗಿಲು,
ಎರಡು ಬೆಟ್ಟದ ನಡುವೆ ಅಣೆಕಟ್ಟು.
ಬೆರಳು ಅಲ್ಲಿ ನಿಲ್ಲುತ್ತದೆ, ದಿನಾಲೂ.
ತಿಂದ ಖರ್ಜೂರದ ಬೀಜವೊಂದನ್ನು
ಚಾ ನೀರಿನ ನಟ್ಟನಡುವೆ ಇಡುತ್ತಾನೆ:
‘ಅದಾ ಕಲೆ.
ಕಿಲೋಮೀಟರ್ ಇದೆ, ಊರಿಲ್ಲ.’

ಬರ್ಲಿನ್ನಿನಲ್ಲಿ ದೊರೆಗಳೆಲ್ಲ ಕೂತು
ಭೂಪಟ ಕೊಯ್ದು ಹಂಚಿಕೊಂಡಾಗ
ಈ ಒಂದು ದ್ವೀಪ ಮರೆತೇ ಹೋಯಿತಂತೆ.
ನಲವತ್ತು ಚಿಲ್ಲರೆ ವರ್ಷ
ಸುಲ್ತಾನನ ನೆಲವಾಗಿಯೇ ಉಳಿಯಿತು, ನದಿಯ ಮಧ್ಯೆ,
ಸುತ್ತಲೂ ಬೇರೆಯವರ ದೇಶ.
ಅಂಜೂರ, ಗುಲಾಬಿ ಜಾಮು, ತಂಬಾಕು,
ಒಂದು ಮಸೀದಿ, ಅದಕ್ಕೊಂದು ಭಾರಿ ಜಮಖಾನ.
ಮರೆತವರಿಂದ ಉಳಿದದ್ದು
ನೆನೆದವರಿಂದ ಮುಳುಗಿತು.

‘ನನಗೆ ಆರು ವರ್ಷ. ಮಿನಾರಿಗೆ ಮದ್ದಿಟ್ಟರು.
ಜಮಖಾನ ಕಾನ್‌ಸ್ಟಾಂಟ್ಸಾಕ್ಕೆ ಹೋಯಿತು,
ನಾವೂ ಹೋದೆವು, ಅದರ ಹಿಂದೆಯೇ ಅನ್ನು.
ಅಮ್ಮ ಬಾಗಿಲಿಗೆ ಬೀಗ ಹಾಕಿ ಬಂದಳು.
ನೀರು ತಳ್ಳಿದರೆ ತೆಗೆಯುವುದೋ ಇಲ್ಲವೋ
ಅಂತ ದಾರಿಯುದ್ದಕ್ಕೂ ಯೋಚಿಸಿದೆ.’

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.
ಪಂಪಿನ ಒತ್ತಡ ನೋಡಿ ಬಂದೆ.

ಅಷ್ಟರಲ್ಲಿ ಅವನು ಉಳಿದದ್ದನ್ನು ಮುಗಿಸಿಬಿಟ್ಟಿದ್ದ:
ಬೆಲ್‌ಗ್ರೇಡ್, ಬುಡಾಪೆಸ್ಟ್, ವಿಯೆನ್ನಾ,
ಕಂಡಕ್ಟರ್ ಸ್ಟಾಪು ಕೂಗಿದ ಹಾಗೆ.
ಕೊನೆಗೆ ಜರ್ಮನಿಯ ಕಾಡು. ಅಲ್ಲಿ ಎರಡು ಊರು
ಮೂಲ ತಮ್ಮದು, ತಮ್ಮದು ಅಂತ
ಇನ್ನೂ ಜಗಳಾಡುತ್ತವಂತೆ.
‘ನಿಮ್ಮ ಮಾತೇ ಸರಿ’ ಅಂದ. ‘ಕೇಳಬಾರದು.’

ಸೈರನ್ ಕೂಗಿತು. ಅವನು ಮೇಲೆ ಹೋದ,
ಮರಳಿನ ಕಮಾನು ಮತ್ತೆ ಎದ್ದಿತು.

ಬೆಳಗಿನ ಜಾವ ಡೆಕ್ಕು ತೊಳೆಯಲು ಪೈಪು ಹಿಡಿದು ಬಂದರೆ
ಚಾ ಆರಿ ಸಕ್ಕರೆಯ ಗೆರೆ ಉಳಿದಿತ್ತು.
ಅಕ್ಕಿಮೂಟೆಯ ಜತೆ ಹಡಗು ಹತ್ತಿದ ಇರುವೆಗಳು
ಸುಲಿನಾದಿಂದ ಸಾಲುಹಿಡಿದು ಹೊರಟಿದ್ದವು,
ಪ್ರಾಹೊವೊ ದಾಟಿ, ಸೇತುವೆ ದಾಟಿ.
ಬೀಜದ ಮೇಲೆ ಆಗಲೇ
ಕಾಲಿಡಲು ಜಾಗವಿಲ್ಲದಷ್ಟು ಜನ.

ಪೈಪಿನ ನಲ್ಲಿ ತಿರುಗಿಸಿ ನಿಲ್ಲಿಸಿದೆ.
ಆ ಮೂಲೆ ನಾಳೆ ತೊಳೆದರಾಯಿತು.