ಎಡಗಾಲು

ಹುಡುಕಿದ್ದು ಕುತ್ತಿಗೆಯ ಉಳುಕು.
ಸಿಕ್ಕಿದ್ದು ಇದು.

ಮಾರ್ಚಿನಲ್ಲಿ, ಕಲಿಯಲು ಬಂದ ಹುಡುಗನೊಬ್ಬ
ಪಾರಿವಾಳ ಕಂಡು ಬ್ರೇಕ್ ತುಳಿದ;
ಹಿಂದಿನ ವ್ಯಾನು ತುಳಿಯಲಿಲ್ಲ.
ಪಾರಿವಾಳ ಹಾರಿಹೋಯಿತು.
ನನ್ನನ್ನು ಬಿಳಿ ಕೊಳವೆಯೊಳಗೆ ಮಲಗಿಸಿದರು.

ಶೆಫೀಲ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ
ಜನರಿಗೆ ಕಾರು ಕಲಿಸುತ್ತೇನೆ.
ಕನ್ನಡಿಗೆ ಕಾಣದ ಮೂಲೆಯೊಂದಿರುತ್ತದೆ,
ಹೆಗಲ ಮೇಲಿಂದ ತಿರುಗಿ ನೋಡು,
ಅನ್ನುತ್ತೇನೆ ದಿನಕ್ಕೆ ಐವತ್ತು ಸಲ.
ನನ್ನದೇ ನೆತ್ತಿಯ ಬಲಕ್ಕೆ, ಬುರುಡೆಗೆ ಬೆನ್ನು ಕೊಟ್ಟು
ಹತ್ತು ವರ್ಷದಿಂದ ಕೂತಿರಬಹುದಂತೆ.

ಮೆನಿಂಜಿಯೋಮ.
ಹೆಸರು ಕೇಳಿದರೆ ಯಾವುದೋ ಹೂವಿನ ಗಿಡ,
ನರ್ಸರಿಯಲ್ಲಿ ಮೂರು ಪೌಂಡಿಗೆ ಸಿಗುವಂಥದು.

ಮಿಸ್ ಹಾಲ್ಡೇನ್
(ಇಲ್ಲಿ ತಲೆ ಕೊಯ್ಯುವವರನ್ನು ಡಾಕ್ಟರ್ ಅನ್ನುವುದಿಲ್ಲ)
'ದ್ರಾಕ್ಷಿಯಷ್ಟು' ಅಂದರು.
ಇವರಿಗೆ ಎಲ್ಲ ಗಡ್ಡೆಯೂ ಹಣ್ಣೇ.
ನನಗೆ ಕಂಡದ್ದು ಗಜ್ಜುಗ:
ಬೂದು, ನುಣುಪು, ಗಟ್ಟಿ,
ಕಲ್ಲಿಗೆ ತಿಕ್ಕಿ ತಮ್ಮನ ತೊಡೆಗೆ
ಚುರ್ರೆನ್ನಿಸುತ್ತಿದ್ದೆನಲ್ಲ, ಅದು.

'ಮಿದುಳಿನಲ್ಲಿ ಅಲ್ಲ, ಮಿದುಳಿನ ಹೊದಿಕೆಯಲ್ಲಿ.'
ಆ ಹೊದಿಕೆಗೆ ಲ್ಯಾಟಿನ್ನಿನಲ್ಲಿ ಗಡಸು ತಾಯಿ ಅಂತ ಹೆಸರಂತೆ.
ನಕ್ಕುಬಿಟ್ಟೆ. ಅವರಿಗೆ ಅವ್ವನ ಪರಿಚಯವಿಲ್ಲ.
ಅವ್ವ ಹೊಲಿದ ಕೌದಿಯೊಂದರ ಪದರಗಳ ನಡುವೆ
ಹುಣಸೆಬೀಜ ಸೇರಿಕೊಂಡಿತ್ತು.
ಬಿಚ್ಚಿ ತೆಗಿ ಅಂದರೆ,
'ಒಂದ ಬೀಜಕ್ಕ ಇಡೀ ಕೌದಿ ಬಿಚ್ಚತಾರೇನ?
ಮಗ್ಗಲಾ ಬದಲಿಸಿ ಮಲಕ್ಕೋ.'
ಹದಿನಾಲ್ಕು ವರ್ಷ ಹಾಗೇ ಮಲಗಿದೆ.
ಆದರೆ ಹುಣಸೆಬೀಜ ಬೆಳೆಯುತ್ತಿರಲಿಲ್ಲ.

ಗುರುಬಸು ಗ್ಯಾಸ್ ಬಿಲ್ಲಿನ ಬೆನ್ನಿಗೆ
ಗೆರೆ ಎಳೆದು ಮೂರು ಮನೆ ಮಾಡಿದ:
ಕಾಯುವುದು. ಕಿರಣ. ಕತ್ತಿ.
ಮೂರೂ ಕಕಾರ, ಅಂದೆ.
ಅವನು ನಗಲಿಲ್ಲ.

ಕತ್ತಿಯಾದರೆ ಪೂರ್ತಿ ಹೋಗಬಹುದು; ಜೊತೆಗೆ
ಎಡಗಾಲಿನ ಬಲವೂ ಒಂದಿಷ್ಟು, ನೂರರಲ್ಲಿ ಕೆಲವರಿಗೆ.
ಕಿರಣವಾದರೆ ಒಂದೇ ದಿನ, ಸಂಜೆಗೆ ಮನೆ;
ಅದು ಹೋಗುವುದಿಲ್ಲ, ಬೆಳೆಯುವುದನ್ನು ಮರೆಯುತ್ತದೆ,
ಮರೆತರೆ. ಸುತ್ತ ಬಾವು ಬಂದರೂ ಬಂದೀತು.
ಆ ಯಂತ್ರಕ್ಕೂ ಚಾಕು ಅಂತಲೇ ಹೆಸರು:
ಚಾಕು ಮಾಡಿಯೇ ಹೆಸರಾದ ಈ ಊರಲ್ಲಿ
ಅಲಗೇ ಇಲ್ಲದ ಚಾಕು.
ಕಾಯುವುದಾದರೆ ಆರು ತಿಂಗಳಿಗೊಮ್ಮೆ ಕೊಳವೆ, ಠಕಠಕ,
ಫೋನು ಬರುವವರೆಗಿನ ಹತ್ತು ದಿನ.

'ನೀವಾಗಿದ್ದರೆ?' ಎಂದು ಕೇಳಿದೆ.
ಮಿಸ್ ಹಾಲ್ಡೇನ್ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.
'ನಾನು ನಿಮ್ಮ ಕೆಲಸ ಮಾಡುವುದಿಲ್ಲವಲ್ಲ.'
ಆಗ ಸಿಟ್ಟು ಬಂತು.
ಬಸ್ಸಿನಲ್ಲಿ ಕೂತ ಮೇಲೆ ಗೌರವ ಬಂತು.

ಎಡಗಾಲು.
ಬಲಗಾಲಿಟ್ಟು ಒಳಗೆ ಬಾ ಅಂದರು ಮದುವೆಯಲ್ಲಿ;
ಇದನ್ನು ಯಾರೂ ಕರೆಯಲೇ ಇಲ್ಲ.
ಕ್ಲಚ್ಚಿನ ಮೇಲೆ ಕೂತು
ಇಡೀ ಸಂಸಾರ ನಡೆಸಿದ್ದು ಇದು.

ಗುರುವಾರ ಹನಾನಳ ಪಾಠ. ವಾಕ್ಲಿಯಲ್ಲಿ,
ನಡೆಯುವವರು ಹಿಡಿದುಕೊಳ್ಳಲೆಂದು ಕಂಬಿ ಹಾಕಿರುವಂಥ ಏರು.
ಮುಂದೆ ಕಸದ ಲಾರಿ,
ಹೊರಟಿತು ಅನ್ನುವಷ್ಟರಲ್ಲಿ ಮತ್ತೊಂದು ಡಬ್ಬ.
'ಕೈಬ್ರೇಕು ಇರಲಿ. ಕ್ಲಚ್ ನಿಧಾನ ಎತ್ತು.
ಕಾರಿನ ಮೂತಿ ಚೂರು ಏಳುತ್ತದೆ, ದನಿ ಬದಲಾಗುತ್ತದೆ.
ಅಲ್ಲೇ. ಅಲ್ಲೇ ಹಿಡಿ.'
'ಎಷ್ಟು ಹೊತ್ತು?'
ಅವಳ ಮೊಣಕಾಲು ನಡುಗುತ್ತಿತ್ತು.
ನನ್ನ ಎಡಗಾಲು, ನನ್ನ ಕಡೆಯ ಕ್ಲಚ್ಚಿನ ಮೇಲೆ,
ಮುಟ್ಟಿಯೂ ಮುಟ್ಟದ ಹಾಗೆ.
'ಗೊತ್ತಿಲ್ಲ' ಅಂದೆ. 'ಹಿಡಿದಿರು.'

ಎಂಜಿನ್ ಆರಿತು. ಮತ್ತೆ ಹಚ್ಚಿದಳು.
ಹಿಂದೆ ಒಂದು ವ್ಯಾನು.
ಹಾರ್ನ್ ಮಾಡಲಿಲ್ಲ.

ಗ್ಯಾಸ್ ಬಿಲ್ಲು ಇನ್ನೂ ಫ್ರಿಜ್ಜಿನ ಮೇಲಿದೆ.
ಮೊದಲ ಮನೆಗೆ ಗುರುತು ಹಾಕಿದ್ದೇನೆ, ಅಕ್ಟೋಬರಿನವರೆಗೆ,
ಪೆನ್ಸಿಲ್ಲಿನಲ್ಲಿ.
ರಬ್ಬರು ಗುರುಬಸು ಎಲ್ಲಿಟ್ಟಿದ್ದಾನೆ,
ಕೇಳಿಲ್ಲ.