ಅರ್ಧ ಗುಳಿಗಿ

ಇಲಿ ಪಾಷಾಣ ನಮ್ಮ ಮನಿಗೆ ತರಲೇ ಇಲ್ಲ.
ಗಂಜಿ ಹಚ್ಚಿದ ಹಾಸು ಇಲಿ ಕಡದು
ಎರಡು ಖಣದ ನೂಲು ಹಾಳಾದಾಗೂ
"ಬ್ಯಾಡ, ಇಲಿ ತಿಂದದ್ದು ಬೆಕ್ಕಿನ ಹೊಟ್ಟಿಗೇ ಬರತೈತಿ"
ಅಂದಾಕಿ ನಾನು.
ಅಷ್ಟು ಶಾಣೇಕಿ ಇದ್ದೆ.

ಗುಳೇದಗುಡ್ಡದ ಥಂಡಿ ಕಲ್ಲಿನ ಥಂಡಿ,
ಹಗಲೆಲ್ಲಾ ಕಾದ ಕೆಂಪು ಬಂಡಿ
ರಾತ್ರಿ ಕೈ ಇಡಗೊಡೂದಿಲ್ಲ.
ಮಗ್ಗದ ಕುಣಿಯೊಳಗ, ನನ್ನ ಪಾದದ ಬಾಜೂಕ
ಲಾಳಿ ಮಲಗತಿತ್ತು.
ಅತ್ತಿಂದಿತ್ತ ಓಡತೈತಿ ಅಂತ ಹಂಗ ಕರದಿದ್ದಿವಿ,
ಬಿಳೀ ಬೆಕ್ಕು, ಒಂದು ಕಿವಿ ಕಪ್ಪು.

ಪುಷ್ಯ ಮಾಸದಾಗ ಅದಕ್ಕ ನೆಗಡಿ ಆತು.
ಸೀನಿ ಸೀನಿ ಹಾಲು ಬಿಡ್ತು.
ಮಗಳು ಶಾಕಂಬರಿಗೆ ಜ್ವರ ಬಂದಾಗ ತಂದದ್ದು
ಹಾಳಿಯೊಳಗ ಒಂದು ಗುಳಿಗಿ ಉಳದಿತ್ತು.
ಅರ್ಧ ಮುರದೆ, ಕೂಸಿಗೆ ಮುರದಂಗ.
ಚಮಚದ ಬೆನ್ನಿಲೆ ಅರದು
ಬೆಲ್ಲದ ನೀರಿನಾಗ ಕಲಸಿ
ಬಾಯಿ ಒತ್ತಿ ಹಿಡದು ಕುಡಿಸಿದೆ.
ಕಹಿ ಅಂತ ಮಣಿಕಟ್ಟು ಪರಚಿತು.
ನಾನು ನಕ್ಕೆ.

ಮುಂಜಾನಿ ಮುಖ ಬಾತಿತ್ತು,
ವಸಡು ಕಾಚಿನ ಬಣ್ಣ.
ಉಸಿರು, ಹರದ ಎಳಿಯ ತುದಿ
ಕತ್ತಲದಾಗ ಹುಡುಕಿದಂಗ.

ದನದ ದವಾಖಾನಿಯ ಕಂಪೌಂಡರ ದಾವಲಸಾಬ
ಬಾಯಿ ತಗದು ನೋಡಿ
"ಏನ ಹಾಕೀರಿ ಇದಕ್ಕ?" ಅಂದ.
ಹೇಳಿದೆ.
ಅವ ಬೈಲಿಲ್ಲ. ಬೈದಿದ್ರ ಛಲೋ ಇತ್ತು.
"ಅಕ್ಕಾ, ನಮ್ಮ ಜ್ವರದ ಗುಳಿಗಿ ಬೆಕ್ಕಿಗೆ ವಿಷ,
ಚೂರು ಸಾಕು" ಅಂದು
ಸುಮ್ಮನ ಮೇಜಿನ ಮ್ಯಾಲೆ ಗೋಣಿ ಹಾಸಿದ.

ಈಗ ಮನ್ಯಾಗ ಲಾಳಿಯ ಮಗಳ ಮರಿ ಐತಿ,
ಹೆಸರು ಕಂಡಿಕಿ. ಬೊಗಸಿಯಷ್ಟು.
ಮತ್ತ ಥಂಡಿ ಬಂತು, ಟ್ರಂಕಿನಾನ ಕೌದಿ ಝಾಡಿಸಿದೆ,
ಒಂದು ಡಾಂಬರ ಗುಳಿಗಿ ಪುಟದು ಉರುಳಿತು,
ಚೆಂಡು ಅಂತ ಮರಿ ಬೆನ್ನ ಹತ್ತಿತು.
ಕೌದಿ ಒಗದು, ಬೋರಲ ಬಿದ್ದು
ಕಪಾಟಿನ ಬುಡಕ್ಕ ಕೈ ತೂರಿಸಿದೆ.
ಮೊದಲ ನನಗ ಸಿಕ್ತು.
ಮೊಣಕೈ ತೊಗಲು ಕಿತ್ತಿತ್ತು, ಆಮ್ಯಾಲೆ ನೋಡಿದೆ.

ಈಗ ಗುಳಿಗಿ ಡಬ್ಬಿ, ಫಿನಾಯಿಲ್ ಬಾಟ್ಲಿ
ಎಲ್ಲಾ ಎತ್ತರದ ಮಾಡದಾಗ, ದೇವರ ಬಾಜೂಕ.
"ಇವಕ್ಕೂ ಊದಿನಕಡ್ಡಿ ಹಚ್ಚತೀಯೇನ?"
ಅಂತಾನ ನನ್ನ ಗಂಡ ಮುದಕಪ್ಪ.
ಅಂಜಿಕಿಗೆ ಹಚ್ಚಿದ್ರೂ ಹಚ್ಚೇನು.

ನಿನ್ನೆ ನಡುರಾತ್ರಿ
ಕಂಡಿಕಿ ಒಂದ ಸಲ ಸೀನಿತು.
ಕೈ ತಾನ ಎದ್ದು ಮಾಡದ ಕಡೆ ಹೋತು.
ಹಿಂದಕ್ಕ ತಂದೆ. ಉಡಿಯಾಗ ಇಟಗೊಂಡೆ,
ಅದರ ಮ್ಯಾಲೆ ಮರಿ.
ದಾವಲಸಾಬ ಬಾಗಲಾ ತಗಿಯೂತನಕ
ಹಂಗ ಕುಂತಿದ್ದೆ,
ನನ್ನ ಕೈ ನಾನ ಕಾಯಕೋತ.