ಅರ್ಧ ಗುಲಗಂಜಿ

ಡಬ್ಬದ ಮೇಲೆ ಇನ್ನೂರ ನಲವತ್ತೊಂಬತ್ತು ಗ್ರಾಂ ಎಂದಿತ್ತು.
ಡಬ್ಬದ ಮಾತು ನಂಬಿ ನಗರ್ತಪೇಟೆಯಲ್ಲಿ
ಯಾವ ಅಕ್ಕಸಾಲಿಯೂ ಉದ್ಧಾರವಾಗಿಲ್ಲ.
ಗಾಜಿನ ಬಾಗಿಲು ಸರಿಸಿ ತಕ್ಕಡಿಯಲ್ಲಿಟ್ಟೆ.
ಫ್ಯಾನು ಆರಿಸಿದೆ, ಉಸಿರೂ ಹಿಡಿದೆ.
ಕೈಕಾಲು ಮಡಚಿಕೊಂಡು ಅಂಗಾತ ಮಲಗಿದ ಜೀರುಂಡೆ:
ಇನ್ನೂರ ನಲವತ್ತೆಂಟು, ಚಿಲ್ಲರೆ.

"ಇನ್ನೂರೈವತ್ತು ದಾಟಿದರೆ ಬೇರೆ ಕ್ಲಾಸು, ಅಪ್ಪ,
ಕಟ್ಟಳೆಗಳೂ ಬೇರೆ" ಎಂದಳು ಲಹರಿ.
ಪಾರ್ಕಲ್ಲಿ ಸಣ್ಣ ಮಕ್ಕಳಿರುತ್ತವೆ, ಬೆರಳು ಕೊಯ್ದೀತೆಂದು
ನಾಲ್ಕು ರೆಕ್ಕೆಗೂ ಪ್ಲಾಸ್ಟಿಕ್ಕಿನ ಬಳೆ ತೊಡಿಸಿದಳು.
ಮತ್ತೆ ತೂಗಿದೆ. ಗಡಿ ದಾಟಿತ್ತು.
ಬೆರಳು ಕಾಯುವುದಕ್ಕೂ ತೂಕವಿದೆ;
ಆ ತೂಕವನ್ನು ಯಾರೂ ಕಳೆದು ಲೆಕ್ಕ ಹಾಕುವುದಿಲ್ಲ.

ಫೋನಿನಲ್ಲಿ ಸರ್ಕಾರದ ನಕ್ಷೆ ತೆರೆದಳು.
ಹಸಿರು, ಹಳದಿ, ಕೆಂಪು.
ನನಗೆ ಗೊತ್ತಿರುವ ಬಣ್ಣಗಳೇ:
ಬೆಳ್ಳಿ ಹೆಚ್ಚಾದರೆ ಚಿನ್ನ ಹಸಿರಿಗೆ ತಿರುಗುತ್ತದೆ,
ತಾಮ್ರ ಹೆಚ್ಚಾದರೆ ಕೆಂಪಡರುತ್ತದೆ.
ಗಾಳಿಗೂ ಒರೆಗಲ್ಲುಂಟೆಂದು ಮಾತ್ರ ಗೊತ್ತಿರಲಿಲ್ಲ.
ಹಸಿರಲ್ಲಿ ನಾನೂರು ಅಡಿಯವರೆಗೆ ಕೇಳುವವರಿಲ್ಲ,
ಹಳದಿಯಲ್ಲಿ ವಿಮಾನ ಕಾಯುವವರ ಅಪ್ಪಣೆ,
ಕೆಂಪಲ್ಲಿ ದಿಲ್ಲಿಯದು.
ಮುರುಗೇಶಪಾಳ್ಯದ ನಮ್ಮ ಪಾರ್ಕನ್ನು
ಎರಡು ಬೆರಳಲ್ಲಿ ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು.
ಹಸಿರು ಎಲ್ಲೂ ಬರಲಿಲ್ಲ.

ಆದರೂ ಹೋದೆವು, ಡಬ್ಬ ಕಂಕುಳಲ್ಲಿ,
ಕೇಳಿ ನೋಡೋಣವೆಂದು.
ಗೇಟಿನ ಬೋರ್ಡಿನಲ್ಲಿ ನಾಯಿ ಬೇಡ, ಸೈಕಲ್ಲು ಬೇಡ,
ಕ್ರಿಕೆಟ್ಟು ಬೇಡ, ಹೂ ಕೀಳಬೇಡಿ,
ಮಧ್ಯಾಹ್ನ ಮಲಗಬೇಡಿ.
ಡ್ರೋನಿನ ಸುದ್ದಿಯೇ ಇಲ್ಲ.
ಬೋರ್ಡಿನ ಕೆಳಗೇ ಮಲಗಿದ್ದ ನಾಯಿಯ ಪಕ್ಕ
ವಾಚ್‌ಮನ್ ಅಂಜಿನಪ್ಪ ಕಡ್ಲೇಕಾಯಿ ಬಿಡಿಸುತ್ತಿದ್ದ.
"ಬರೆದಿಲ್ಲ ಅಂದ್ರೆ ಬಿಟ್ಟಿದಾರೆ ಅಂತಲ್ಲ, ಸ್ವಾಮಿ.
ನಂಗೆ ನೆಲ ಮಾತ್ರ ವಹಿಸಿದಾರೆ.
ಮ್ಯಾಲಿಂದು ಯಾರ್ದು ಅಂತ
ಸೂಪ್ರವೈಜರಿಗೂ ಗೊತ್ತಿರಲ್ಲ."

ಎದುರಿನ ಮೂರನೇ ಮಹಡಿಯಲ್ಲಿ
ಹೆಂಗಸೊಬ್ಬಳು ತಲೆ ಒಣಗಿಸುತ್ತಿದ್ದಳು.
ಡಬ್ಬದ ಮೇಲಿನ ಚಿತ್ರ ಅಲ್ಲಿಗೂ ಕಂಡಿತೇನೋ,
ಹಗ್ಗದ ಸೀರೆಯನ್ನು ಪರದೆಯಂತೆ ಎಳೆದುಕೊಂಡಳು.
ಲಹರಿ ಡಬ್ಬವನ್ನು ಮಗುಚಿ ಹಿಡಿದಳು.
ಅದು ಯಾವ ಕಲಮಿನಲ್ಲಿತ್ತೋ, ನಾನು ಕೇಳಲಿಲ್ಲ.
ಅಷ್ಟರಲ್ಲಿ ಹಳೇ ಏರ್‌ಪೋರ್ಟಿನ ಕಡೆಯಿಂದ
ಹೆಲಿಕಾಪ್ಟರೊಂದು ತೀರ ಕೆಳಗೆ ಬಂತು.
ಅರಳಿ ಎಲೆಗಳೆಲ್ಲ ಬೆನ್ನು ತೋರಿಸಿದವು,
ಅಂಜಿನಪ್ಪನ ಸಿಪ್ಪೆ ಹಾರಿ ನಾಯಿಯ ಮೇಲೆ ಬಿತ್ತು.
ಅದನ್ನು ತೂಗುವ ತಕ್ಕಡಿ ನನ್ನಲ್ಲಿಲ್ಲ.

ಭಾನುವಾರ ಸಂಜೆ ಅಂಗಡಿಯ ಷಟರು ಎಳೆದು,
ಗೇಣು ಸಂದಿ ಬಿಟ್ಟು,
"ಸೂರಿನ ಕೆಳಗೆ ಯಾರ ನಕ್ಷೆ?" ಎಂದಳು.
ನಾನು ಬೇಡವೆನ್ನುವಷ್ಟರಲ್ಲಿ
ಬಳೆ ತೊಟ್ಟ ಜೀರುಂಡೆ ಮೊಳದೆತ್ತರ ಎದ್ದಿತ್ತು.
ನೆಲದಲ್ಲಿ ವಾರದ ಅರದ ಪುಡಿ.
ಎಲ್ಲ ಎದ್ದಿತು.
ಟ್ಯೂಬ್‌ಲೈಟಿನ ಸುತ್ತ, ಕ್ಯಾಲೆಂಡರಿನ ಮೇಲೆ,
ಅವಳ ಬೈತಲೆಯಲ್ಲಿ, ನನ್ನ ರೆಪ್ಪೆಯ ಮೇಲೆ ಚಿನ್ನ.
ಮೂವತ್ತು ವರ್ಷ ಗುಡಿಸಿ ಗುಡಿಸಿ
ಧೂಳು ತೊಳೆಯುವವರಿಗೆ ಕೊಟ್ಟದ್ದು;
ಅದು ಹಾರುವುದನ್ನು ಕಂಡಿರಲಿಲ್ಲ.
ಬೈಯಲು ಬಾಯಿ ತೆರೆದೆ, ಸಿಹಿಯೂ ಇಲ್ಲ, ಕಹಿಯೂ ಇಲ್ಲ,
ಕೆಮ್ಮು ಬಂತು.

ಅವಳ ಜಡೆಯನ್ನು ಬಿಳಿ ಕಾಗದದ ಮೇಲೆ ಒದರಿಸಿ,
ಮೂಲೆ ಮೂಲೆ ಮೊಲದ ಕೂದಲಿನ ಕುಂಚದಿಂದ ಸವರಿ,
ರಾತ್ರಿ ಹತ್ತಕ್ಕೆ ತೂಗಿದರೆ
ಪುಸ್ತಕದ ಲೆಕ್ಕಕ್ಕಿಂತ ಅರ್ಧ ಗುಲಗಂಜಿ ಕಮ್ಮಿ.
ಷಟರಿನ ಸಂದಿ ನೋಡಿದೆ. ಬೀದಿ ನೋಡಿದೆ.
ಲಹರಿ ಬಳೆ ಬಿಚ್ಚಿ,
ಎಣ್ಣೆ ಕುಡಿದ ಅದರ ಮೋಟಾರುಗಳನ್ನು ಒರೆಸದೆ
ಹಾಗೇ ತಕ್ಕಡಿಯಲ್ಲಿಟ್ಟಳು,
ತಾನೇ ಫ್ಯಾನು ಆರಿಸಿ, ತಾನೇ ಉಸಿರು ಹಿಡಿದು.

"ಸಿಕ್ಕಿತು" ಎಂದಳು,
"ಇನ್ನೂ ಇನ್ನೂರೈವತ್ತರ ಒಳಗೇ ಇದೆ."